ಅಮೆರಿಕದ ಕಾಲೇಜಿನಲ್ಲಿ ನಾನು ಫೈನಾನ್ಶಿಯಲ್ ಏಡ್ ಉಳಿಸಿಕೊಂಡ ಬಗೆ

ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು. ಹಾಗಾಗಿ ಪೆಲ್ ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ಸರ್ಕಾರಿ ಸಹಾಯಧನ), ಸ್ವಲ್ಪ ಸರ್ಕಾರಿ ಸಾಲ, ಲೈಬ್ರರಿಯಲ್ಲಿ ವರ್ಕ್-ಸ್ಟಡಿ ಕೆಲಸ ಎಲ್ಲ ಸಿಕ್ಕವು. (ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಇವು ಸಿಗುವುದಿಲ್ಲ.) ಇವುಗಳ ಜೊತೆಗೆ ಕಾಲೇಜಿನದೇ ಒಂದು ಸ್ಕಾಲರ್‌ಶಿಪ್ ಕೂಡ ಇತ್ತು. ಮೊದಲ ವರ್ಷ ಸಿಕ್ಕಿತು ಅಂದರೆ ಡಿಗ್ರಿ ಮುಗಿಯುವವರೆಗೂ ಸಿಗುತ್ತೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ, ಪ್ರತಿ ವರ್ಷವೂ ಹೊಸದಾಗಿ ಗಳಿಸಬೇಕು.

ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ ಬಗ್ಗೆ. ನನ್ನನ್ನು ಕೇಳಿದರೆ ಕ್ರೆಡಿಟ್ (ಪ್ರತಿ ಕೋರ್ಸ್‌ಗೂ ಅದರ ಗಾತ್ರಕ್ಕೆ ತಕ್ಕಂತೆ ಇರುವ ಎಣಿಕೆ) ಲೆಕ್ಕವೇ ಜಾಸ್ತಿ ಅಪಾಯ. ಏಡ್ ಮುಂದುವರಿಯಬೇಕಾದರೆ ಪಾಲಿಸಬೇಕಾದ ಸ್ಯಾಪ್ ಅಂತ ಒಂದು ನಿಯಮವಿದೆ, ಓದಿನಲ್ಲಿ ಸರಿಯಾಗಿ ಮುಂದೆ ಹೋಗ್ತಾ ಇದ್ದೀಯಾ ಅಂತ ನೋಡುವುದಕ್ಕೆ. ವಿವರ ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಬೇರೆ ಇರುತ್ತದೆ. ನಮ್ಮಲ್ಲಿ ಜಿಪಿಎ 2.0 ಇರಬೇಕಿತ್ತು. ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಶೇ. 67 ಪಾಸಾಗಿರಬೇಕಿತ್ತು. 120 ಕ್ರೆಡಿಟ್‌ನ ಡಿಗ್ರಿ, ಒಟ್ಟು ತೆಗೆದುಕೊಂಡ ಕ್ರೆಡಿಟ್ 180 ದಾಟುವುದರ ಒಳಗೆ ಮುಗಿಯಬೇಕಿತ್ತು.

ಎರಡನೇ ವರ್ಷ ಕೆಮಿಸ್ಟ್ರಿ ಕೈ ಕೊಡುವ ಹಾಗೆ ಕಂಡಿತು. "ಡ್ರಾಪ್ ಮಾಡು, ಡಬ್ಲ್ಯೂ ಬಂದರೆ ಜಿಪಿಎಗೆ ಏನೂ ಆಗಲ್ಲ" ಅಂದರು ಗೆಳತಿಯರು. ಡಬ್ಲ್ಯೂ ಅಂದರೆ ಕೋರ್ಸ್ ಮಧ್ಯದಲ್ಲಿ ಬಿಟ್ಟ ಗುರುತು. ಜಿಪಿಎಗೆ ಆಗುವುದಿಲ್ಲ, ನಿಜ. ಆದರೆ ಡಬ್ಲ್ಯೂ ಬಿದ್ದ ಕೋರ್ಸ್ ಕೂಡ ತೆಗೆದುಕೊಂಡ ಲೆಕ್ಕಕ್ಕೆ ಸೇರುತ್ತದೆ, ಪಾಸಾದ ಲೆಕ್ಕಕ್ಕೆ ಸೇರುವುದಿಲ್ಲ. ನೋಟ್‌ಬುಕ್ ತೆಗೆದು ಕೂತೆ. ಮೊದಲ ವರ್ಷ 30ರಲ್ಲಿ 26 ಪಾಸು. ಈ ಸೆಮಿಸ್ಟರ್ 14, ಕೆಮಿಸ್ಟ್ರಿಯ 4 ಬಿಟ್ಟರೆ 10. ಒಟ್ಟು 44ರಲ್ಲಿ 36, ಅಂದರೆ ಶೇ. 81ಕ್ಕೂ ಜಾಸ್ತಿ. ಸ್ಯಾಪ್‌ಗೆ ತೊಂದರೆಯಿಲ್ಲ ಅಂತ ಖುಷಿಯಾಯಿತು. ಆದರೂ ಏಡ್ ಆಫೀಸಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದವರು ನನ್ನ ಶೇಕಡಾ ಲೆಕ್ಕ ನೋಡಲೇ ಇಲ್ಲ. "ಬಿಟ್ಟ ಮೇಲೆ ಎಷ್ಟು ಕ್ರೆಡಿಟ್ ಉಳಿಯುತ್ತೆ?" ಅಂದರು. ಹತ್ತು. ಕಾಲೇಜಿನ ಸ್ಕಾಲರ್‌ಶಿಪ್‌ಗೆ 12 ಬೇಕೇ ಬೇಕು! ಡ್ರಾಪ್ ಮಾಡಲಿಲ್ಲ. ಟ್ಯೂಟರಿಂಗ್ ಸೆಂಟರ್‌ನಲ್ಲೇ ಠಿಕಾಣಿ ಹೂಡಿ, ಹೇಗೋ ಸಿ ಗ್ರೇಡ್ ತೆಗೆದೆ. ಆಮೇಲೆ ಯಾವ ಕೋರ್ಸ್ ಮುಟ್ಟುವ ಮೊದಲೂ ಆ ಕೌಂಟರಿಗೆ ಹೋಗುವುದು ಅಭ್ಯಾಸವಾಯಿತು.

ನನ್ನ ರೂಮ್‌ಮೇಟ್ ಸೆಮಿಸ್ಟರ್ ಮಧ್ಯದಲ್ಲಿ ಎಲ್ಲ ಕೋರ್ಸ್‌ಗಳನ್ನೂ ಬಿಟ್ಟು ಮನೆಗೆ ಹೊರಟಳು. ಸೆಮಿಸ್ಟರ್‌ನ ಶೇ. 60 ದಾಟುವ ಮೊದಲು ಹಾಗೆ ಹೊರಟರೆ ಉಳಿದ ದಿನಗಳ ಪಾಲಿನ ಸರ್ಕಾರಿ ದುಡ್ಡು ವಾಪಸ್ ಹೋಗುತ್ತದೆ. ಪಾಪ, ಅವಳ ಹಿಂದೆಯೇ ಬಿಲ್ ಕೂಡ ಮನೆಗೆ ಹೋಯಿತು.

ಫ್ಯಾಫ್ಸಾ, ಅಂದರೆ ಸರ್ಕಾರಿ ಏಡ್ ಕೇಳುವ ಅರ್ಜಿ, ಪ್ರತಿ ವರ್ಷ ತುಂಬಬೇಕು. ಅದು ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಕೇಂದ್ರದ ಗಡುವು ದೂರವಿದ್ದರೂ ರಾಜ್ಯದ್ದು, ಕಾಲೇಜಿನದು ಬೇಗ ಬರುತ್ತವೆ. ಅದಕ್ಕೇ ನಾನು ಅಕ್ಟೋಬರ್‌ನಲ್ಲೇ ಮುಗಿಸುತ್ತಿದ್ದೆ. ಅಪ್ಪ ಅವರದೇ ಅಕೌಂಟಿನಲ್ಲಿ ಲಾಗಿನ್ ಆಗಿ, ಟ್ಯಾಕ್ಸ್ ವಿವರ ತೆಗೆದುಕೊಳ್ಳಲು ಒಪ್ಪಿಗೆ ಕೊಡಬೇಕು. "ಹೋದ ವರ್ಷಾನೇ ಕೊಟ್ಟಿದ್ನಲ್ಲೇ!" "ಪ್ರತಿ ವರ್ಷ ಕೊಡ್ಬೇಕಪ್ಪಾ." ಪಾಸ್‌ವರ್ಡ್ ಹುಡುಕುವುದಕ್ಕೇ ಒಂದು ಸಂಜೆ ಹೋಗುತ್ತಿತ್ತು.

ಇನ್ನೂ ಒಂದೆರಡು ವಿಷಯ. ಪೆಲ್ ಗ್ರಾಂಟ್ ಒಟ್ಟು 12 ಫುಲ್‌ಟೈಮ್ ಸೆಮಿಸ್ಟರ್‌ಗಳಷ್ಟೇ. ಡಿಗ್ರಿಗೆ ಬೇಡದ ಕೋರ್ಸ್ ಸುಮ್ನೆ ಆಸೆಗೆ ತೆಗೆದುಕೊಂಡರೆ ಏಡ್ ಲೆಕ್ಕಕ್ಕೆ ಅದು ಸೇರುವುದಿಲ್ಲ. ಅದಕ್ಕೇ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಿಸುವ ಮೊದಲು ಹಳೆಯ ಕ್ರೆಡಿಟ್‌ಗಳಲ್ಲಿ ಎಷ್ಟು ಹೊಸದಕ್ಕೆ ಹೊಂದುತ್ತವೆ ಅಂತ ಅಡ್ವೈಸರ್ ಹತ್ತಿರ ಕೂತು ನೋಡಿದೆ.

ಮೂರನೇ ವರ್ಷ ಅಪ್ಪನ ಕೆಲಸ ಹೋಯಿತು. ಫ್ಯಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಟ್ಯಾಕ್ಸ್ ಅಲ್ವಾ, ಅದರಲ್ಲಿ ಅಪ್ಪನ ಸಂಬಳ ಪೂರ್ತಿ ಕಾಣುತ್ತಿತ್ತು. ಇಂಥ ಸಂದರ್ಭದಲ್ಲಿ ಮರುಪರಿಶೀಲನೆ ಕೇಳುವುದಕ್ಕೆ ಅವಕಾಶವಿದೆ. ಕೆಲಸ ಹೋದ ಪತ್ರ, ಕೊನೆಯ ಪೇ ಸ್ಲಿಪ್, ನಿರುದ್ಯೋಗ ಭತ್ಯೆಯ ಕಾಗದ ಲಗತ್ತಿಸಿ, ಒಂದು ಪುಟದಲ್ಲಿ ದಿನಾಂಕ ಮತ್ತು ಮೊತ್ತ ಮಾತ್ರ ಬರೆದು ಕೊಟ್ಟೆ, ಕಷ್ಟದ ಕಥೆ ಹೇಳಲಿಲ್ಲ. ಆದಾಯ ಮತ್ತೆ ಲೆಕ್ಕ ಹಾಕಿ ಗ್ರಾಂಟ್ ಜಾಸ್ತಿ ಮಾಡಿದರು. ಮುಂದಿನ ಸೆಮಿಸ್ಟರ್‌ನ ಫೀಸಿಗೆ ಹೊಸ ಸಾಲ ಬೇಕಾಗಲಿಲ್ಲ.