ಕಂಪ್ಯೂಟರ್ ಶುರುವಾಗುವಾಗಲೇ ಕೈಕೊಡುತ್ತಿದೆಯೇ? ಫಾರ್ಮ್ಯಾಟ್‌ಗೆ ಮೊದಲು ಇಷ್ಟು ನೋಡಿ

ಆನ್ ಮಾಡಿದ ಕೂಡಲೇ ಆರಿಹೋಗುವ, ಲೋಗೋ ತೋರಿಸಿ ಮತ್ತೆ ಮೊದಲಿಗೇ ಬರುವ, ನೀಲಿ ಪರದೆಯಲ್ಲಿ ಮುಗ್ಗರಿಸುವ ಡೆಸ್ಕ್‌ಟಾಪ್‌ಗೆ ಎಲ್ಲರೂ ಹೇಳುವ ಮದ್ದು ಒಂದೇ: 'ವಿಂಡೋಸ್ ಹೊಸದಾಗಿ ಹಾಕಿಬಿಡಿ'. ತೊಂದರೆ ರ‍್ಯಾಮ್‌ನಲ್ಲೋ (ಕೆಲಸದ ಹೊತ್ತಿನ ನೆನಪಿನ ಸ್ಟಿಕ್) ಎಸ್‌ಎಂಪಿಎಸ್‌ನಲ್ಲೋ (ಒಳಗೆ ಕರೆಂಟ್ ಹಂಚುವ ಡಬ್ಬಿ) ಇದ್ದರೆ ಹೊಸ ವಿಂಡೋಸ್ ಕೂಡ ಅದೇ ಜಾಗದಲ್ಲಿ ಬೀಳುತ್ತದೆ. ನಡುವೆ ನಿಮ್ಮ ಫೋಟೋ, ಲೆಕ್ಕಪತ್ರ ಹೋಗಿರುತ್ತವೆ, ಅಷ್ಟೇ. ಹಾಗಾಗಿ ಯಾವ ಹಂತದಲ್ಲಿ ನಿಲ್ಲುತ್ತಿದೆ ಎಂದು ಮೊದಲು ಗಮನಿಸಿ.

ಮದರ್‌ಬೋರ್ಡ್ ಕಂಪನಿಯ ಲೋಗೋ ಬರುವುದಕ್ಕೂ ಮುನ್ನ ನಿಂತರೆ ವಿಂಡೋಸ್‌ಗೂ ಅದಕ್ಕೂ ಸಂಬಂಧವಿಲ್ಲ. ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ. ಕೀಬೋರ್ಡ್ ಬಿಟ್ಟು ಉಳಿದ ಯುಎಸ್‌ಬಿ ಸಾಮಾನನ್ನೆಲ್ಲ ತೆಗೆಯಿರಿ. ಒಳಗೆ 24 ಪಿನ್‌ನ ದೊಡ್ಡ ಪ್ಲಗ್ ಜತೆಗೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್‌ನ ಪ್ಲಗ್ಗನ್ನೂ ಒತ್ತಿ ನೋಡಿ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂದರೆ ಬಹಳ ಸಲ ಈ ಚಿಕ್ಕ ಪ್ಲಗ್ಗೇ ಸಡಿಲವಾಗಿರುತ್ತದೆ.

ಆಮೇಲೆ ರ‍್ಯಾಮ್. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಅದರ ಚಿನ್ನದ ಬಣ್ಣದ ಅಂಚು ಮಂಕಾಗುತ್ತದೆ. ಸ್ಟಿಕ್ ಹೊರತೆಗೆದು, ಪೆನ್ಸಿಲ್ ರಬ್ಬರ್‌ನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಒಂದೇ ಒಂದು ಸ್ಟಿಕ್ ಹಾಕಿ ಆನ್ ಮಾಡಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮೊದಲ ಆಯ್ಕೆ. ಕ್ಲಿಪ್ 'ಟಕ್' ಎನ್ನುವವರೆಗೆ ಒತ್ತಬೇಕು. ಸ್ಟಿಕ್ ಬದಲಿಸಿದರೂ ಒಂದೇ ಸ್ಲಾಟ್‌ನಲ್ಲಿ ತಕರಾರು ಬಂದರೆ ಕೆಟ್ಟಿರುವುದು ಸ್ಲಾಟು, ಸ್ಟಿಕ್ ಅಲ್ಲ.

ಮಲ್ಟಿಮೀಟರ್ ಇದ್ದರೆ ಮಷಿನ್ ಓಡುತ್ತಿರುವಾಗಲೇ ಎಸ್‌ಎಂಪಿಎಸ್ ಅಳೆಯಿರಿ. ಕಪ್ಪು ವೈರಿಗೆ ಹೋಲಿಸಿದಾಗ ಹಳದಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ಇರಬೇಕು. ಇದರಾಚೆ ಹೋದರೆ ಎಸ್‌ಎಂಪಿಎಸ್ ಬದಲಿಸುವುದೇ ಸರಿ. ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 3 ವೋಲ್ಟ್ ಇರಬೇಕಾದ್ದು 2.8ಕ್ಕಿಂತ ಕೆಳಗಿಳಿದರೆ ಬದಲಿಸಿಬಿಡಿ. ಅದು ಸತ್ತರೆ ಗಡಿಯಾರ ಹಳೇ ತಾರೀಖಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕರೆಂಟ್ ಹೋಗಿ ಬಂದಾಗ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನದೇ ತಂತ್ರಾಂಶ) ತನ್ನ ಸೆಟ್ಟಿಂಗ್ ಮರೆತು, ಬೋರ್ಡ್ ಡಿಸ್ಕ್ ಜತೆ ಮಾತಾಡುವ ವಿಧಾನ, ಅಂದರೆ ಸಾಟಾ ಮೋಡ್, ಎಎಚ್‌ಸಿಐ ಇದ್ದದ್ದು ರೇಯ್ಡ್ ಆಗಬಹುದು, ಅಥವಾ ಅದರ ತಿರುಗಾಮುರುಗ. ಆಗ ವಿಂಡೋಸ್ ಲೋಗೋ ಬಂದು 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ ಬೀಳುತ್ತದೆ. ಡಿಸ್ಕ್ ಹೋಯಿತೆಂದು ಹೊಸದು ಕೊಳ್ಳುವವರಿದ್ದಾರೆ! ಬ್ಯಾಟರಿ ಹಾಕಿ, ಬಯೋಸ್‌ಗೆ ಹೋಗಿ ಮೋಡನ್ನು ಮೊದಲಿದ್ದಂತೆ ಮಾಡಿದರೆ ಅದೇ ಡಿಸ್ಕ್ ಏನೂ ಆಗದಂತೆ ಎದ್ದು ಕೂರುತ್ತದೆ.

ಲೋಗೋ ದಾಟಿ, ಚುಕ್ಕಿಗಳು ಸುತ್ತುವಾಗ ಬಿದ್ದರೆ ವಿಷಯ ಬೇರೆ. ಚುಕ್ಕಿ ಕಂಡ ಕೂಡಲೇ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ 10 ಮತ್ತು 11 ತಾವೇ ರಿಪೇರಿ ಪರದೆಗೆ ಹೋಗುತ್ತವೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಬಳಿಕ 9 ಒತ್ತಿದರೆ ತಾನಾಗೇ ರೀಸ್ಟಾರ್ಟ್ ಆಗುವುದು ನಿಂತು ನೀಲಿ ಪರದೆಯ ಸಂಕೇತ ಓದಲು ಸಿಗುತ್ತದೆ, 4 ಒತ್ತಿದರೆ ತೀರಾ ಬೇಕಾದ್ದನ್ನಷ್ಟೇ ಎಬ್ಬಿಸುವ ಸೇಫ್ ಮೋಡ್. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಯ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲಿನಲ್ಲಿ ಹುಡುಕಿಟ್ಟುಕೊಂಡೇ ಶುರುಮಾಡಿ.

ಸೇಫ್ ಮೋಡ್‌ನಲ್ಲಿ ಸರಾಗವಾಗಿ ಓಡಿದರೆ ಅನುಮಾನ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಅಥವಾ ಆಂಟಿವೈರಸ್ ಮೇಲೆ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಹೀಗೆ ಬಿದ್ದವು. ಹಲವನ್ನು ಮತ್ತೆ ಎಬ್ಬಿಸಿದ್ದು ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿ. ಮನೆಯ ಕಂಪ್ಯೂಟರ್‌ನಲ್ಲಿ ಇತ್ತೀಚೆಗೆ ಹಾಕಿದ್ದನ್ನು ತೆಗೆಯಿರಿ. ಆಗದಿದ್ದರೆ ಅದೇ ರಿಪೇರಿ ಪರದೆಯಲ್ಲಿ ಅಪ್‌ಡೇಟ್ ತೆಗೆಯುವ ಆಯ್ಕೆ, ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್ ಎರಡೂ ಇವೆ.

ಪ್ರತಿಸಲವೂ ಬೇರೆ ಬೇರೆ ಸಂಕೇತ ಬಂದರೆ ಮತ್ತೆ ರ‍್ಯಾಮ್ ಕಡೆಗೇ ತಿರುಗಿ. ಬಯೋಸ್‌ನಲ್ಲಿ ಅದರ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ, ಪೆನ್‌ಡ್ರೈವ್‌ನಿಂದ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ 86 ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಪಾಸಲ್ಲ. ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ವಿಂಡೋಸ್‌ನ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಓಡಿಸುವ ಆತುರ ಬೇಡ. ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆ ಓದಿಸಿದರೆ ಇರುವ ಉಸಿರೂ ಹೋಗುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬೇಕಾದ ಫೈಲ್‌ಗಳನ್ನು ಮೊದಲು ಹೊರಗೆ ಎತ್ತಿಕೊಳ್ಳಿ.

ಇನ್ನೊಂದು ವಿಚಿತ್ರವಿದೆ: ಶಟ್‌ಡೌನ್ ಮಾಡಿ ಆನ್ ಮಾಡಿದರೆ ಬೀಳುತ್ತದೆ, ರೀಸ್ಟಾರ್ಟ್ ಕೊಟ್ಟರೆ ಚೆನ್ನಾಗಿರುತ್ತದೆ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್ ಎಂದರೆ ಅರ್ಧ ನಿದ್ದೆ, ರೀಸ್ಟಾರ್ಟ್ ಆದಾಗಷ್ಟೇ ವಿಂಡೋಸ್ ಪೂರ್ತಿ ಹೊಸದಾಗಿ ಏಳುವುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕೆಂಬ ಪುಟ ತೆರೆದು, ಫಾಸ್ಟ್ ಸ್ಟಾರ್ಟಪ್ ಎದುರಿನ ಟಿಕ್ ತೆಗೆದು ಸೇವ್ ಮಾಡಿ.