ಕ್ಯೂ ಕಾರ್ಡಿನ ಆಟ: ನಗೆನಾಟಕದ ಮಾತು ತರಗತಿಯಲ್ಲೇ ಬಾಯಿಗೆ ಬರಲು

ವೇದಿಕೆಯ ಮೇಲೆ ತಡವರಿಸಿ ನಿಂತ ಹುಡುಗನಿಗೆ ಮಾತಿನ ಮೊದಲ ಪದ ಹೇಳಿಕೊಟ್ಟು ನೋಡಿ, ಉಳಿದದ್ದನ್ನು ಗಡಗಡ ಒಪ್ಪಿಸುತ್ತಾನೆ. ಮಾತು ನೆನಪಿತ್ತು, ಅದು ಯಾವಾಗ ಬರಬೇಕೆಂಬುದು ಮರೆತಿತ್ತು. ತನ್ನ ಪಾತ್ರದ ಸಾಲುಗಳಿಗಷ್ಟೇ ಗೆರೆ ಎಳೆದುಕೊಂಡು ಉರು ಹೊಡೆದರೆ ಹೀಗೇ ಆಗುವುದು. ಗಂಭೀರ ನಾಟಕದಲ್ಲಾದರೆ ಆ ಮೌನ ಅಭಿನಯವೆಂದು ದಾಟಿಹೋದೀತು, ಪ್ರಹಸನದಲ್ಲಿ ಅಷ್ಟರೊಳಗೆ ನಗೆ ಸತ್ತಿರುತ್ತದೆ. ಅದಕ್ಕೇ ಈ ಆಟದಲ್ಲಿ ಮೊದಲು ಕಲಿಸುವುದು ಕ್ಯೂ, ಅಂದರೆ ಎದುರಿನವರ ಮಾತಿನ ಬಾಲ.

ಉಪಾಯ ಹಳೆಯದು. ಶೇಕ್ಸ್‌ಪಿಯರ್ ಕಾಲದ ಲಂಡನ್ ನಟರ ಕೈಗೆ ಇಡೀ ನಾಟಕ ಸಿಗುತ್ತಿರಲಿಲ್ಲ. ತಮ್ಮ ಮಾತು, ಅದಕ್ಕೆ ಮುಂಚಿನ ಎರಡು ಮೂರು ಪದ, ಇಷ್ಟೇ ಇರುವ ಸುರುಳಿ ಕೊಡುತ್ತಿದ್ದರು. ನಟ ಎಡ್ವರ್ಡ್ ಆಲೆನ್ ಬಳಸಿದ ಅಂಥದೊಂದು ಪ್ರತಿ ಡಲ್ವಿಚ್ ಕಾಲೇಜಿನಲ್ಲಿ ಈಗಲೂ ಇದೆ.

ದೃಶ್ಯ ಆಯುವಾಗ ಚುಟುಕು ಪ್ರಶ್ನೋತ್ತರ ಇರುವುದನ್ನೇ ಹಿಡಿಯಿರಿ. ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ (1895) ನಾಟಕದ ಮೊದಲ ಅಂಕದಲ್ಲಿ ಲೇಡಿ ಬ್ರ್ಯಾಕ್ನೆಲ್ ನೋಟ್‌ಬುಕ್ಕು ಪೆನ್ಸಿಲ್ ಹಿಡಿದು, ತನ್ನ ಮಗಳನ್ನು ಮದುವೆಯಾಗಬಯಸುವ ಜ್ಯಾಕ್ ವರ್ದಿಂಗ್‌ನನ್ನು ವರಪರೀಕ್ಷೆಗೆ ಕೂರಿಸುವ ಭಾಗ ಈ ಆಟಕ್ಕೆಂದೇ ಬರೆದಂತಿದೆ. ಸಿಗರೇಟು ಸೇದುತ್ತೀಯಾ, ವಯಸ್ಸೆಷ್ಟು, ವರಮಾನವೆಷ್ಟು, ತಂದೆತಾಯಿ ಇದ್ದಾರೆಯೇ ಎಂದು ಪ್ರಶ್ನೆಗಳು ಬೀಳುತ್ತಾ ಹೋಗುತ್ತವೆ. ಪ್ರತಿ ಉತ್ತರಕ್ಕೂ ಆಕೆಯದೊಂದು ಕುಟುಕು.

ಇದರಿಂದ 24 ಮಾತುಗಳನ್ನು ಆರಿಸಿ. ಎ4 ಹಾಳೆಯನ್ನು ಮೂರು ಸಲ ಮಡಚಿ ಕತ್ತರಿಸಿದರೆ ಎಂಟು ಕಾರ್ಡು, ಮೂರು ಹಾಳೆಗೆ 24. ಮೇಲರ್ಧದಲ್ಲಿ ಕ್ಯೂ, ಕೆಳಗಿನ ಅರ್ಧದಲ್ಲಿ ಹೇಳಬೇಕಾದ ಮಾತು, ನಡುವೆ ಮಡಿಕೆಗೆ ಒಂದು ಗೆರೆ. ಮೊದಲ ಕಾರ್ಡಿನಲ್ಲಿ ಕ್ಯೂ ಬದಲು ‘ಆರಂಭ’ ಎಂದಿರಲಿ. ಒಂದು ಕಾರ್ಡು ಹೀಗಿರುತ್ತದೆ:

ಕ್ಯೂ: “…ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿದ್ದೇನೆ.”
ಮಾತು: “ಒಬ್ಬರನ್ನು ಕಳೆದುಕೊಂಡರೆ ದುರದೃಷ್ಟ ಅನ್ನಬಹುದು, ಮಿಸ್ಟರ್ ವರ್ದಿಂಗ್. ಇಬ್ಬರನ್ನೂ ಕಳೆದುಕೊಂಡರೆ ಅದು ಬೇಜವಾಬ್ದಾರಿ.”

ಕನ್ನಡದಲ್ಲಿ ಆಡಿಸುವಾಗ ಎರಡು ಕಡೆ ಹುಷಾರಾಗಿರಬೇಕು. ಇಂಗ್ಲಿಷಿನಲ್ಲಿ ಕ್ಯೂಗೆ ಕೊನೆಯ ಎರಡು ಪದ ಸಾಕಾಗಬಹುದು. ನಮ್ಮ ವಾಕ್ಯಗಳು ‘ಇದೆ’, ‘ಅಲ್ಲವೇ’, ‘ಹೇಳಿ’ ಎಂದು ಮುಗಿಯುವುದರಿಂದ ಆರು ಕಾರ್ಡಿಗೆ ಒಂದೇ ಬಾಲ ಬಂದು ಆರು ಜನ ಒಟ್ಟಿಗೆ ಬಾಯಿ ತೆರೆಯುತ್ತಾರೆ. ಆದಷ್ಟೂ ಕೊನೆಯ ನಾಲ್ಕು ಪದ ಬರೆಯಿರಿ, ಅದರಲ್ಲೊಂದು ನಾಮಪದ ಇರಲಿ. ಎರಡನೆಯದು, ನಗೆ ಹುಟ್ಟಿಸುವ ಪದ ವಾಕ್ಯದ ತುದಿಯಲ್ಲಿರಬೇಕು. ‘ಬೇಜವಾಬ್ದಾರಿಯ ಹಾಗೆ ಕಾಣಿಸುತ್ತದೆ’ ಎಂದು ಅನುವಾದಿಸಿದರೆ ಸಭೆ ‘ಬೇಜವಾಬ್ದಾರಿ’ಗೇ ನಕ್ಕುಬಿಡುತ್ತದೆ. ‘ಕಾಣಿಸುತ್ತದೆ’ ಆ ನಗೆಯಲ್ಲಿ ಮುಳುಗುತ್ತದೆ, ಅದನ್ನೇ ಕ್ಯೂ ಎಂದು ಕಾಯುತ್ತಿದ್ದವನು ಕಾಯುತ್ತಲೇ ಇರುತ್ತಾನೆ.

ಇನ್ನು ಆಟ. ಎಲ್ಲರೂ ವೃತ್ತವಾಗಿ ನಿಲ್ಲಲಿ, ತಲೆಗೊಂದು ಕಾರ್ಡು. ಮಕ್ಕಳು ಕಡಿಮೆಯಿದ್ದರೆ ಒಬ್ಬರಿಗೆ ಎರಡು, 40 ಮಂದಿಯಿದ್ದರೆ ಎರಡು ಗುಂಪು, ಎರಡು ಕಟ್ಟು. ಪಾತ್ರ ಈಗಲೇ ಹಂಚಬೇಡಿ. ‘ಆರಂಭ’ ಇರುವವರು ಮಾತು ಹೇಳುತ್ತಾರೆ, ಅದರ ಬಾಲ ಯಾರ ಕಾರ್ಡಿನ ಮೇಲಿದೆಯೋ ಅವರು ಮುಂದುವರಿಸುತ್ತಾರೆ. ಸರಪಳಿ ಮುಗಿಯುವವರೆಗೆ ಸ್ಟಾಪ್‌ವಾಚ್ ಓಡುತ್ತಿರಲಿ.

ಮೊದಲ ಸುತ್ತು ಬರೀ ಓದು. ಎರಡನೆಯದರಲ್ಲಿ ಕಾರ್ಡು ಕಲಸಿ ಹಂಚಿ. ಕಾರ್ಡು ನೋಡಬಹುದು, ಆದರೆ ತಲೆ ಎತ್ತಿ, ಹಿಂದಿನ ಮಾತು ಆಡಿದವರ ಮುಖ ನೋಡಿಯೇ ಮಾತಾಡಬೇಕು. ಮೂರನೆಯದಕ್ಕೆ ಕೆಳಗಿನ ಅರ್ಧವನ್ನು ಹಿಂದಕ್ಕೆ ಮಡಚಿ, ಕ್ಯೂ ಮಾತ್ರ ಕಾಣಲಿ; ಇಣುಕಿದರೆ ಒಟ್ಟು ಸಮಯಕ್ಕೆ 5 ಸೆಕೆಂಡು ದಂಡ. ನಾಲ್ಕನೆಯದಕ್ಕೆ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಬರೆದ ಹೊಸ ಕಟ್ಟು ಬೇಕು. ಗುಣಿತ ಬಿಡದೆ ಪೂರ್ತಿ ಅಕ್ಷರ ಬರೆಯಿರಿ: ‘ತಂ ಇ ಕ’. ಬರೀ ‘ತ’ ಎಂದು ಬರೆದರೆ ಊಹೆಯಾಟವಾಗಿಬಿಡುತ್ತದೆ. ಐದನೆಯದರಲ್ಲಿ ಕಾರ್ಡೇ ಇಲ್ಲ. ಮಾತು ಮುಗಿಸಿದವರು ಚೆಂಡನ್ನು ಯಾರಿಗಾದರೂ ಎಸೆಯಲಿ, ಹಿಡಿದವರು ಮುಂದಿನ ಮಾತು ಹೇಳಲಿ.

ಐದನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ. ದಿನಕ್ಕೆ ಎರಡು ಸುತ್ತು, ಮೂರು ದಿನ. ಎರಡನೆಯ ದಿನ ಏನನ್ನೂ ಓದಿಸದೆ ನೇರ ಮಡಚಿದ ಕಾರ್ಡಿನಿಂದಲೇ ಶುರು ಮಾಡಿ. ಪರದಾಡುತ್ತಾರೆ, ಪರದಾಡಲಿ. ತಾನಾಗಿ ತಡಕಿ ತೆಗೆದ ಮಾತು ಹತ್ತು ಸಲ ಓದಿದ್ದಕ್ಕಿಂತ ಗಟ್ಟಿಯಾಗಿ ಕೂರುತ್ತದೆ.

ಈ ದೃಶ್ಯದಲ್ಲಿ ಸರಪಳಿ ಕಡಿಯುವ ಜಾಗ ಯಾವುದೆಂದು ಮೊದಲೇ ಹೇಳಬಹುದು: ಹ್ಯಾಂಡ್‌ಬ್ಯಾಗು. ಮಗುವಾಗಿದ್ದ ಜ್ಯಾಕ್ ಎಲ್ಲಿ ಸಿಕ್ಕಿದ? ಹ್ಯಾಂಡ್‌ಬ್ಯಾಗಿನಲ್ಲಿ. ಆಕೆ ‘ಹ್ಯಾಂಡ್‌ಬ್ಯಾಗು?’ ಎನ್ನುತ್ತಾಳೆ. ಅವನು ಹೌದು, ಕಪ್ಪು ತೊಗಲಿನ ದೊಡ್ಡ ಹ್ಯಾಂಡ್‌ಬ್ಯಾಗು ಎಂದು ವಿವರಿಸುತ್ತಾನೆ. ಆಕೆ ಮುಂದಿನ ಪ್ರಶ್ನೆಯಲ್ಲೂ ಅದೇ ಪದ ಎತ್ತುತ್ತಾಳೆ. ನಾಲ್ಕು ಮಾತಿಗೂ ಒಂದೇ ಪದ. ಒಬ್ಬರು ಒಂದು ಮೆಟ್ಟಿಲು ಹಾರಿದರೆ ಎಲ್ಲರೂ ಆ ಪ್ರಶ್ನೆಗೆ ಜ್ಯಾಕ್ ಕೊಡುವ ಉತ್ತರಕ್ಕೆ, ಅಂದರೆ ವಿಕ್ಟೋರಿಯಾ ಸ್ಟೇಷನ್ನಿಗೆ ಹೋಗಿ ಬೀಳುತ್ತಾರೆ. ಈ ನಾಲ್ಕು ಕಾರ್ಡನ್ನು ಬೇರೆ ತೆಗೆದು, ಒಂದೊಂದಕ್ಕೂ ಒಂದು ಚಲನೆ ಸೇರಿಸಿ: ಉತ್ತರಕ್ಕೆ ತಲೆ ತಗ್ಗಿಸುವುದು, ಉದ್ಗಾರಕ್ಕೆ ಪೆನ್ಸಿಲ್ ನಿಲ್ಲಿಸುವುದು, ವಿವರಣೆಗೆ ಕೈಯಲ್ಲಿ ಅಳತೆ ತೋರಿಸುವುದು, ಪ್ರಶ್ನೆಗೆ ನೋಟ್‌ಬುಕ್ಕಿಗೆ ಮರಳುವುದು. ಪದ ಒಂದೇ ಆದರೂ ಮೈ ಗೊಂದಲಪಡುವುದಿಲ್ಲ.

ಗಡಿಯಾರವೂ ಒಂದು ರೋಗ ಅಂಟಿಸುತ್ತದೆ. ದಾಖಲೆ ಮುರಿಯುವ ಭರದಲ್ಲಿ ಮಕ್ಕಳು ಮಾತು ನುಂಗುತ್ತಾರೆ. ವೃತ್ತದ ಆಚೆ ಬದಿಯವರಿಗೆ ಕೇಳಿಸದಿದ್ದರೆ 3 ಸೆಕೆಂಡು ದಂಡ ಹಾಕಿ. ಸ್ವಂತ ಪದ ಸೇರಿಸುವವರಿಗೂ ಅಷ್ಟೇ, ಯಾಕೆಂದರೆ ಅವರು ಬಾಲ ಬದಲಿಸಿದರೆ ಕಂಗೆಡುವುದು ಮುಂದಿನವರು. ಮಗ್ಗಿ ಒಪ್ಪಿಸುವ ರಾಗ ಹತ್ತಿದ್ದು ಕಿವಿಗೆ ಬಿದ್ದ ತಕ್ಷಣ ಒಂದು ಸುತ್ತು ಪಿಸುಮಾತಿನಲ್ಲಿ, ಇನ್ನೊಂದು ಸಿಟ್ಟಿನಲ್ಲಿ ಆಡಿಸಿ.

ಯಾರಾದರೂ ನಿಂತುಹೋದರೆ ಮನಸ್ಸಿನಲ್ಲೇ ಮೂರು ಎಣಿಸಿ ಮೊದಲ ಪದವೊಂದನ್ನೇ ಕೊಡಿ. ಪಕ್ಕದವರು ಕನಿಕರಪಟ್ಟು ಇಡೀ ಸಾಲು ಹೇಳಿಕೊಟ್ಟರೆ ನಾಳೆಯೂ ಅಲ್ಲೇ ನಿಲ್ಲುತ್ತಾರೆ.

ಪಾತ್ರ ಹಂಚಿದ ಮೇಲೆ ಕೊನೆಯದೊಂದು ಸುತ್ತು ಬಾಕಿ. ಅರ್ಧ ತರಗತಿ ಸಭಿಕರಾಗಿ ಕೂತು ಬೇಕೆಂದ ಕಡೆ ಜೋರಾಗಿ ನಗಲಿ. ಆಡುವವರು ಆ ನಗೆ ಪೂರ್ತಿ ಅಡಗುವ ತನಕ ಕಾಯಬಾರದು, ಏರುತ್ತಿರುವಾಗ ಬಾಯಿ ಹಾಕಲೂ ಬಾರದು. ಇಳಿಯತೊಡಗಿದ ನಗೆಯೇ ಅಲ್ಲಿ ಕ್ಯೂ.