ಕರನಿರಾಕರಣೆಯ ಕಾಲವನ್ನು ಜಪ್ತಿ ಪಟ್ಟಿಯಿಂದ ಬರೆಯುವುದು

1930ರ ದಶಕದ ಆರಂಭದಲ್ಲಿ ಉತ್ತರ ಕನ್ನಡದಲ್ಲಿ ನಡೆದ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಅಂಕೋಲೆ–ಸಿದ್ದಾಪುರಗಳ ಕರನಿರಾಕರಣೆ (ಸರಕಾರಕ್ಕೆ ಭೂಕಂದಾಯ ಕಟ್ಟದ ಹೋರಾಟ) ಬಗ್ಗೆ ಭಾಷಣಕ್ಕೇನೂ ಕೊರತೆಯಿಲ್ಲ. ಓದುಗರು ಕೇಳುವುದು ಬೇರೆಯದನ್ನೇ: ಆಗ ಮನೆಯಲ್ಲಿ ಏನಿತ್ತು, ಪೊಲೀಸರು ಬಂದಾಗ ಏನು ಹೋಯಿತು? ಇದಕ್ಕೆ ನಾನು ಮೊದಲು ಹುಡುಕುವುದು ಜಪ್ತಿ ಪಂಚನಾಮೆಯನ್ನು, ಅಂದರೆ ಜಪ್ತಿಯಾದ ವಸ್ತುಗಳನ್ನು ಸಾಕ್ಷಿಗಳ ಮುಂದೆ ಬರೆದ ಪಟ್ಟಿಯನ್ನು. ನಾಯಕರ ಆತ್ಮಕಥೆಗಳು ಆಮೇಲೆ.

ಹುಡುಕುವ ಜಾಗ ಜಿಲ್ಲೆಯ ಇತಿಹಾಸದಂತೆಯೇ ಚದುರಿದೆ. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ 1956ರವರೆಗೆ ಮುಂಬೈಗೆ. ಹೀಗಾಗಿ 1930ರ ದಶಕದ ಪೊಲೀಸ್ ವರದಿ, ಗೃಹ ಇಲಾಖೆಯ ಪತ್ರಗಳಿಗೆ ಮುಂಬೈನ ಪತ್ರಾಗಾರಕ್ಕೇ ಹೋಗಬೇಕು. ಬೆಂಗಳೂರಿನಲ್ಲೇ ಎಲ್ಲ ಸಿಗುತ್ತದೆಂದು ಕುಳಿತರೆ ಪುಸ್ತಕ ಅರ್ಧಕ್ಕೇ ನಿಲ್ಲುತ್ತದೆ. ಪಂಚನಾಮೆಯ ನಕಲು, ಲಿಲಾವಿನ (ಹರಾಜಿನ) ನೋಟೀಸು ಮಾತ್ರ ಹೆಚ್ಚಾಗಿ ಮನೆಗಳ ಅಟ್ಟದ ಪೆಟ್ಟಿಗೆಯಲ್ಲಿ, ಜಮೀನಿನ ಕಾಗದಗಳ ನಡುವೆ ಸಿಗುವಂಥವು. ಪೆಟ್ಟಿಗೆ ತೆರೆದ ಕೂಡಲೇ, ಕಾಗದ ಇದ್ದ ಕ್ರಮದಲ್ಲೇ ಫೋಟೊ ತೆಗೆಯಬೇಕು. ಕ್ರಮ ಕೆಟ್ಟರೆ ಯಾವ ನೋಟೀಸಿಗೆ ಯಾವ ರಸೀದಿ ಎಂದು ಮತ್ತೆ ಹೊಂದಿಸುವುದು ಕಷ್ಟ.

ಈಗ ಪಟ್ಟಿ ಓದುವ ಕೆಲಸ. 'ತಾಮ್ರದ ಹಂಡೆ 1, ಕಿಮ್ಮತ್ತು 7-8-0' ಎಂದಿದೆ ಅನ್ನಿ. ಅದು ಏಳು ರೂಪಾಯಿ ಎಂಟು ಆಣೆ, ಅಂದರೆ ಏಳೂವರೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ. ಇದನ್ನು ಮರೆತವರು 7.80 ಎಂದು ಬರೆದುಬಿಡುತ್ತಾರೆ. ಅಂದಾಜು ಕಿಮ್ಮತ್ತು, ಲಿಲಾವಿನಲ್ಲಿ ಬಂದ ಹಣ ಎರಡೂ ಇದ್ದರೆ ಅಕ್ಕಪಕ್ಕ ಇಡಿ. ಲಿಲಾವಿಗೆ ಊರವರು ಬಂದಿದ್ದರೋ, ಬಹಿಷ್ಕಾರ ಹಾಕಿದ್ದರೋ ಎಂಬುದಕ್ಕೆ ಮೊದಲ ಸುಳಿವು ಆ ಅಂತರದಲ್ಲೇ ಇರುತ್ತದೆ. 'ಇಂದಿನ ಬೆಲೆಯಲ್ಲಿ ಇಷ್ಟು ಲಕ್ಷ' ಎಂಬ ಲೆಕ್ಕ ನಾನು ಹಾಕುವುದಿಲ್ಲ. ಅದೇ ವರ್ಷದ ಆಳಿನ ಕೂಲಿ ಅದೇ ಊರಿನ ಕಡತದಲ್ಲಿ ಸಿಕ್ಕರೆ ಹಂಡೆಯ ಪಕ್ಕ ಅದನ್ನಿಟ್ಟರೆ ಸಾಕು. ತೂಕದಲ್ಲೂ ಹೀಗೇ ಎಡವುವುದುಂಟು. ಉಪ್ಪಿನ ಕರದ ಮಣ 82 ಪೌಂಡಿಗೆ ಸ್ವಲ್ಪ ಹೆಚ್ಚು. ನಮ್ಮ ಕಡೆಯ ಪೇಟೆಯ ಹಳೇ ಮಣ ಸುಮಾರು ಅದರ ಮೂರನೇ ಒಂದು ಪಾಲು. ಎರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಿದರೆ ಎಲ್ಲವೂ ತಲೆಕೆಳಗು.

ಪಟ್ಟಿಯಲ್ಲಿ ಇಲ್ಲದ್ದನ್ನೂ ಓದಬೇಕು. ನೇಗಿಲು, ಉಳುವ ಎತ್ತು, ಅಡುಗೆಗೆ ಬೇಕೇ ಬೇಕಾದ ಪಾತ್ರೆ, ಉಡುವ ಬಟ್ಟೆ ಕಾನೂನಿನ ಪ್ರಕಾರ ಜಪ್ತಿಯಿಂದ ಹೊರಗೆ. ನೇಗಿಲು ಕಾಣಲಿಲ್ಲವೆಂದು 'ಸಾಗುವಳಿ ಇಲ್ಲದ ಮನೆ' ಎಂದು ಬರೆದರೆ ಶುದ್ಧ ಸುಳ್ಳಾಗುತ್ತದೆ. ಅನ್ನದ ತಪ್ಪಲೆಯೇ ಪಟ್ಟಿಯಲ್ಲಿದ್ದರೆ? ಅಧ್ಯಾಯ ಅಲ್ಲಿಂದಲೇ ಶುರುವಾಗಬಹುದು.

ತಾರೀಖಿನ ತೊಡಕು ಇನ್ನೂ ದೊಡ್ಡದು. ಈ ಕಾಗದಗಳಲ್ಲಿ ಮೂರು ವರ್ಷಗಳು ಓಡಾಡುತ್ತವೆ: ಇಂಗ್ಲಿಷ್ ವರ್ಷ, ಆಗಸ್ಟ್ 1ರಿಂದ ಜುಲೈ 31ರವರೆಗಿನ ಕಂದಾಯ ವರ್ಷ, ಮತ್ತು ಮನೆಯ ಲೆಕ್ಕಪುಸ್ತಕದ ಸಂವತ್ಸರ. ಶಾಲಿವಾಹನ ಶಕೆ 1853ರ ಸಂವತ್ಸರ ಪ್ರಜೋತ್ಪತ್ತಿ. 78 ಕೂಡಿಸಿದರೆ 1931. ಆದರೆ ಪ್ರಜೋತ್ಪತ್ತಿಯ ಮಾಘ ಬರುವುದು 1932ರಲ್ಲಿ, ಯುಗಾದಿಗೆ ಮೊದಲು. ಈ ಒಂದು ವರ್ಷದ ತಪ್ಪು ಇಡೀ ಕಥೆಯನ್ನು ಕೆಡಿಸುತ್ತದೆ, ಏಕೆಂದರೆ 1931ರ ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾಗಿ ಚಳವಳಿ ನಿಂತಿತ್ತು. ಮತ್ತೆ ಹೊತ್ತಿಕೊಂಡದ್ದು 1932ರ ಜನವರಿಯಲ್ಲಿ. ಅನುಮಾನ ಬಂದರೆ ಅಡಿಕೆಯನ್ನು ಕೇಳಿ. ಪಟ್ಟಿಯಲ್ಲಿ ಹಸಿ ಅಡಿಕೆ ಇದ್ದರೆ ಕೊಯ್ಲಿನ ಚಳಿಗಾಲ. ಹೊಸ ಚಾಲಿ ಎಂದಿದ್ದರೆ ಅಂಗಳದಲ್ಲಿ ತಿಂಗಳ ಮೇಲೆ ಒಣಗಿದ ಮಾಲು, ಬೇಸಗೆಯ ಹತ್ತಿರ. ಪಂಚನಾಮೆಯ ತಾರೀಖು ಮಳೆಗಾಲದ್ದಾಗಿ ಪಟ್ಟಿಯಲ್ಲಿ ಹಸಿ ಅಡಿಕೆ ಕಂಡರೆ ಎಲ್ಲೋ ಓದಿದ್ದು ತಪ್ಪಿದೆ.

ಪತ್ರಿಕೆಗಳ ಬಗ್ಗೆ ಇಷ್ಟೇ: 1930ರ ಪ್ರೆಸ್ ಸುಗ್ರೀವಾಜ್ಞೆ ಠೇವಣಿ ಕೇಳಿ ಬಾಯಿ ಕಟ್ಟಿತ್ತು. ಪತ್ರಿಕೆ ಸುಮ್ಮನಿದ್ದ ವಾರ ಊರೂ ಸುಮ್ಮನಿತ್ತೆಂದು ತಿಳಿಯಬೇಡಿ.

ಕಂಡವರು ಈಗಿಲ್ಲ, ಕೇಳಿದವರಿದ್ದಾರೆ. 'ಹೋರಾಟದ ಬಗ್ಗೆ ಹೇಳಿ' ಎಂದರೆ ಶಾಲೆಯ ಪಾಠ ಒಪ್ಪಿಸುತ್ತಾರೆ. 'ಅಮ್ಮಾ, ನಿಮ್ಮ ಅತ್ತೆ ಹಂಡೆ ಎಲ್ಲಿ ಅಡಗಿಸಿದ್ದರಂತೆ?' ಎಂದು ಕೇಳಿದರೆ ಹುಲ್ಲುಬಣವೆ, ಕೆರೆ, ನೆಂಟರ ಮನೆ ಎಲ್ಲ ಹೊರಗೆ ಬರುತ್ತದೆ. ಯಾರು ಯಾರಿಂದ ಕೇಳಿದ್ದು ಎಂಬುದನ್ನು ಪ್ರತಿ ಮಾತಿನ ಎದುರು ಬರೆದಿಡುತ್ತೇನೆ.

ಗೇಣಿದಾರರ ಮನೆಗೂ ಹೋಗದಿದ್ದರೆ ಚಿತ್ರ ವಾಲುತ್ತದೆ. ಕಂದಾಯ ಕಟ್ಟುತ್ತಿದ್ದವನು ಖಾತೆದಾರ. ಗೇಣಿದಾರ ಕೊಡುತ್ತಿದ್ದುದು ಒಡೆಯನಿಗೆ ಗೇಣಿ. ಒಡೆಯನ ಜಮೀನು ಲಿಲಾವಾದಾಗ ಅದನ್ನು ಉಳುತ್ತಿದ್ದವನ ಗತಿ ಏನಾಯಿತು? ಸ್ಮರಣ ಸಂಚಿಕೆಗಳು ಇದನ್ನು ಸಲೀಸಾಗಿ ದಾಟಿಹೋಗುತ್ತವೆ. ಮುಂದೆ ದಿನಕರ ದೇಸಾಯಿಯವರ ರೈತ ಚಳವಳಿಗೆ ಅಷ್ಟು ಜನ ಯಾಕೆ ಕೂಡಿದರು ಎಂಬುದಕ್ಕೆ ಒಂದು ಎಳೆ ಇಲ್ಲಿ ಸಿಗುತ್ತದೆ.

ಕೊನೆಯ ಪ್ರಶ್ನೆ ಲಿಲಾವಿನಲ್ಲಿ ಜಮೀನು ಹಿಡಿದವರದ್ದು. ಅವರ ಮನೆ ಮುಂದೆ ಹೆಂಗಸರು ಸತ್ಯಾಗ್ರಹ ಕೂತದ್ದನ್ನು ಬಿಡುವಂತಿಲ್ಲ. ಜಮೀನು ಹಿಡಿದವರ ಮೊಮ್ಮಕ್ಕಳು ಅದೇ ಕೇರಿಯಲ್ಲಿದ್ದಾರೆ. ನಾನು ಹೆಸರು, ಸರ್ವೆ ನಂಬರು ಎರಡನ್ನೂ ಬಿಟ್ಟು ಊರು, ತಾರೀಖು, ಮೊತ್ತ ಮಾತ್ರ ಕೊಡುತ್ತೇನೆ. ಅಚ್ಚಿಗೆ ಮೊದಲು ಆ ಪುಟಗಳನ್ನು ಎರಡೂ ಕಡೆಯ ಮನೆಯವರಿಗೆ ಓದಿ ಹೇಳುತ್ತೇನೆ. ತಿದ್ದುಪಡಿಗೆ ಕಾಗದ ತೋರಿಸಿದರೆ ತಿದ್ದುತ್ತೇನೆ, ಬೇಸರ ತೋರಿಸಿದರೆ ತಿದ್ದುವುದಿಲ್ಲ.